ಕರಗುವುದಕ್ಕೆ ರೇಟು

ಮಲ್ಪೆ ದಕ್ಕೆಯ ಹಿಂದೆ ನಮ್ಮ ಐಸ್ ಪ್ಲಾಂಟು.
ಬೆಳಗಿನ ನಾಲ್ಕಕ್ಕೆ ಕ್ಯಾನಿನಿಂದ ಕಳಚಿದ ಗಡ್ಡೆ
ಬೋಟಿನ ಹೊಟ್ಟೆ ಸೇರುವಷ್ಟರಲ್ಲಿ
ಒಂದಿಷ್ಟು ತೂಕ ಕಳೆದುಕೊಂಡಿರುತ್ತದೆ.
ಆ ಒಂದಿಷ್ಟಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇಲ್ಲ.
ಮೀನು ಸಿಗಲಿ, ಬಲೆ ಹರಿಯಲಿ,
ಐಸಿನ ದುಡ್ಡು ಐಸಿನ ದುಡ್ಡೇ.
ಇಪ್ಪತ್ತೆರಡು ವರ್ಷ ಇದನ್ನೇ ಬರೆದವಳಿಗೆ
ಕಾಲ್ ಮಾರುವುದು ಅಂದರೆ ಎಂಥದೆಂದು
ಯಾರೂ ಕಲಿಸಬೇಕಾಗಲಿಲ್ಲ.

ಅಪ್ಪ ಪಿಗ್ಮಿ ಏಜೆಂಟ್.
ಮೀನಿನ ಬುಟ್ಟಿಯ ಹೆಂಗಸರ ಎರಡು ರೂಪಾಯಿ, ಐದು ರೂಪಾಯಿ,
ಒದ್ದೆ ನೋಟು ಪ್ಯಾಂಟಿಗೆ ಒರೆಸಿ ಒರೆಸಿ
ಎಡ ತೊಡೆಯಲ್ಲಿ ಬಣ್ಣವೇ ಹೋಗಿತ್ತು.
ಕಮಿಷನ್ನಿನಲ್ಲಿ ಉಳಿಸಿ ಕೊಂಡದ್ದು ಒಂದೇ ಕಂಪನಿಯ ಷೇರು.
ಬೋನಸ್ ಬಂದು, ಒಡೆದು, ಮತ್ತೆ ಬೋನಸ್ ಬಂದು
ನನ್ನ ಹೆಸರಿಗಾಗುವಾಗ ಸಾವಿರದೈನೂರು,
ಸರಿಯಾಗಿ ಒಂದು ಲಾಟ್.
ವರ್ಷಕ್ಕೊಮ್ಮೆ ಬರುವ ಡಿವಿಡೆಂಡು
ಬಾವಿಯ ಪಂಪು ರಿಪೇರಿಗೆ ಸಾಲದು.
ಮಾರಬೇಡ ಎಂದಿದ್ದರು.
ಬಾಡಿಗೆಗೆ ಕೊಡಬೇಡ ಎಂದಿರಲಿಲ್ಲ.

ಹಾಗಾಗಿ, ಷೇರು ಮುನ್ನೂರ ಹನ್ನೆರಡರಲ್ಲಿ ನಿಂತ ತಿಂಗಳು
ಮುನ್ನೂರ ನಲವತ್ತರ ಕಾಲ್ ಬರೆದೆ.
ಅಲ್ಲಿಂದ ದಾಟಿದರೆ ತಗೊಳ್ಳಿ, ತಕರಾರಿಲ್ಲ.
ದಾಟಲಿ, ಬಿಡಲಿ, ನಾಲ್ಕು ರೂಪಾಯಿ ನನಗೆ.
ಸಾವಿರದೈನೂರಕ್ಕೆ ಆರು ಸಾವಿರ.
ನಾನು ಮಲಗಿದಾಗಲೂ ಅದು ಕರಗುತ್ತದೆ,
ಆದಿತ್ಯವಾರ, ಅಷ್ಟಮಿಯ ರಜೆಯಲ್ಲಿಯೂ,
ಕೊಂಡವರ ಕೈಯಲ್ಲಿ.

ಕೊಂಡವರು ಯಾರು ಅಂತ ಕೇಳಿದವಳಲ್ಲ.
ಮುಂಬಯಿಯವರೋ, ಸೂರತ್ತಿನವರೋ, ಮೆಷಿನ್ನೋ.

ಕ್ರಷರಿನ ಯೋಗೀಶ ಕುಂದರ್,
ಕಿವಿಗೆ ಹತ್ತಿ, ಬೆರಳ ತುದಿ ಯಾವಾಗಲೂ ಬೆಳ್ಳಗೆ ಸುಕ್ಕು,
ಎಕ್ಸ್‌ಪೈರಿಯ ಹಿಂದಿನ ದಿನ ನನ್ನ ಮೇಜಿಗೆ ಫೋನು ತಂದಿಟ್ಟ.
ನೋಡಿ ವಸಂತಕ್ಕ, ಎಂದ.
ಅದೇ ಕಂಪನಿ. ಮುನ್ನೂರ ನಲವತ್ತು. ಒಂದು ಲಾಟ್.
ನಾಲ್ಕಕ್ಕೆ ತಗೊಂಡದ್ದು, ಹತ್ತೂವರೆಗೆ ಕೊಟ್ಟದ್ದು.
ತಗೊಂಡ ತಾರೀಕು ನನ್ನದೇ.
ಹೊತ್ತು, ಹತ್ತು ಗಂಟೆ ಹದಿನಾಲ್ಕು ನಿಮಿಷ.
ನನ್ನ ಚೀಟಿ ತೆಗೆದು ನೋಡಲಿಲ್ಲ.
ಮನೆಗೆ ಹೋಗಿಯೂ ನೋಡಲಿಲ್ಲ.
ಒಂಬತ್ತು ಸಾವಿರದ ಏಳ್ನೂರ ಐವತ್ತು ಅಕ್ಕ!
ಅವನ ಆರು ತಿಂಗಳ ಸೋಲು ಆ ಮೊತ್ತದಲ್ಲಿ ಇರಲಿಲ್ಲ.
ಲೆಕ್ಕದವಳು ನಾನು, ಕೂಡಿಸಿ ತೋರಿಸಲಿಲ್ಲ.

ಮರುದಿನ ಮುನ್ನೂರ ಐವತ್ತೊಂದು.
ಆಮೇಲೆ ಖಾತೆಯಲ್ಲಿ ಅಪ್ಪನ ಷೇರಿನ ಸಾಲೇ ಇಲ್ಲ,
ಬ್ಯಾಂಕಿನಲ್ಲಿ ಐದು ಲಕ್ಷದ ಹತ್ತು ಸಾವಿರ.
ನಷ್ಟವಲ್ಲ ಮಾರಾಯ್ರೆ, ಪುಸ್ತಕದ ಪ್ರಕಾರ ಲಾಭ.
ಆದರೂ ಇಸ್ತ್ರಿ ಹಾಕುವಾಗ
ಬಣ್ಣ ಹೋದ ಆ ಜಾಗ
ಕೈಗೆ ತೆಳ್ಳಗೆ ಸಿಕ್ಕುತ್ತಿದ್ದದ್ದು ನೆನಪಾಯಿತು.

ಆದಿತ್ಯವಾರ ಯೋಗೀಶ ಅಂಜಲ್ ತಂದ,
ಎರಡು ಕಿಲೋದ್ದು. ಸುಮ್ಮನೆ, ಖುಷಿಗೆ ಅಂತ.
ಮೆಣಸು, ಹುಳಿ ಹಚ್ಚಿ ಕಾವಲಿಗೆ ಹಾಕಿದೆ.
ಮುನ್ನೂರ ನಲವತ್ತರಿಂದ ಆಚೆಗಿನ ತುಂಡು,
ನನ್ನದೇ, ನಾನೇ ಹುರಿದದ್ದು.
ರುಚಿ ಇತ್ತು. ಮುಳ್ಳು ಸಹ ಚೀಪಿದೆ.

ಈಗ ಪುಟ್ ಮಾರಿದ್ದೇನೆ, ಮುನ್ನೂರ ಮೂವತ್ತರದ್ದು.
ಇಳಿದರೆ ವಾಪಸು ತಗೊಳ್ಳುತ್ತೇನೆ ಎಂಬ ಮಾತಿಗೆ
ಮೂರು ಚಿಲ್ಲರೆ ರೂಪಾಯಿ.
ಅಪ್ಪನ ಷೇರು ಬೀಳಲಿ ಎಂದು ಕಾಯುವುದು
ಇದೇ ಮೊದಲು.
ಯೋಗೀಶ ಏರಲಿ ಎಂದು ಮತ್ತೆ ಕಾಲ್ ಕೊಂಡಿದ್ದಾನೆ,
ಕೊಂಡದ್ದು ಅರ್ಧಕ್ಕೆ ಬಂದಿದೆ.

ಇನ್ನೂ ಹತ್ತು ದಿನ ಉಂಟಲ್ಲ ಅಕ್ಕ?
ಬಾಗಿಲ ಬಳಿ ಒಂದು ಗಡ್ಡೆ, ಲಾರಿಗೆ ಕಾಯುತ್ತಿತ್ತು.
ಅದರಡಿಯ ನೀರು ಸಣ್ಣಗೆ ದಾರಿ ಮಾಡಿಕೊಂಡು
ಅವನ ಚಪ್ಪಲಿ ಸುತ್ತಿ ಚರಂಡಿಗೆ ಇಳಿಯಿತು.
ಉಂಟು, ಎಂದೆ.
ಮತ್ತೇನೋ ಹೇಳಲು ಬಾಯಿ ತೆರೆದೆ.
ಕ್ರಷರ್ ಶುರುವಾಯಿತು.